ಹಳೇ ಕಾರಿನ ಎಲೆಕ್ಟ್ರಿಕಲ್ ತೊಂದರೆ: ಪಾರ್ಟ್ ಬದಲಿಸುವ ಮುಂಚೆ ಮೀಟರ್ ಇಡಿ

ಹಳೇ ಕಾರಿನಲ್ಲಿ ಕರೆಂಟಿನ ತೊಂದರೆ ಬಂದರೆ ಮೊದಲು ಬೈಗುಳ ತಿನ್ನುವುದು ಬ್ಯಾಟರಿ. ಅದನ್ನು ಬದಲಿಸಿದ ಮೇಲೂ ಸರಿಹೋಗಲಿಲ್ಲ ಅಂದರೆ ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್. ಆಮೇಲೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್. ಮೂರೂ ಹೊಸದಾಗಿ, ಜೇಬು ಖಾಲಿಯಾದ ಮೇಲೆ ಇಂಜಿನ್ ಮತ್ತು ಬಾಡಿ ನಡುವೆ ಕಿಲುಬು ಹಿಡಿದು ಕೂತಿರುವ ಒಂದು ಅರ್ಥಿಂಗ್ ಪಟ್ಟಿ (ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ) ಕಣ್ಣಿಗೆ ಬೀಳುತ್ತದೆ. ಅದನ್ನು ಉಜ್ಜಿ ಬಿಗಿ ಮಾಡಿದರೆ ಎಲ್ಲ ಸರಿ!

ಇಪ್ಪತ್ತು ಮೂವತ್ತು ವರ್ಷ ಓಡಿದ ಕಾರಿನಲ್ಲಿ ಮೋಟಾರು, ಬಲ್ಬುಗಳಿಗಿಂತ ಜಾಸ್ತಿ ಕೆಡುವುದು ಜೋಡಣೆಗಳು. ಟರ್ಮಿನಲ್, ಕನೆಕ್ಟರ್, ಅರ್ಥಿಂಗ್ ಬೋಲ್ಟ್, ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್, ಹಿಂದಿನ ಮಾಲೀಕರು ಯಾವಾಗಲೋ ಹಾಕಿಸಿದ ಸ್ಟೀರಿಯೋದ ಟೇಪ್ ಸುತ್ತಿದ ಜಾಯಿಂಟ್. ಇವು ಯಾವುವೂ ಪೂರ್ತಿ ಸಾಯುವುದಿಲ್ಲ, ಅರ್ಧ ಜೀವ ಹಿಡಿದಿರುತ್ತವೆ. ಅದಕ್ಕೇ ತೊಂದರೆ ಹಿಡಿಯುವುದು ಕಷ್ಟ. ನಾನು ಪಾಲಿಸುವ ನಿಯಮ ಒಂದೇ: ಮೀಟರಿನಲ್ಲಿ ಒಂದು ನಂಬರ್ ಕಾಣುವ ತನಕ ಯಾವ ಪಾರ್ಟನ್ನೂ ಕೊಳ್ಳುವುದಿಲ್ಲ.

ಇಲ್ಲಿ ಹೇಳಿರುವುದೆಲ್ಲ 12 ವೋಲ್ಟಿನ, ನೆಗೆಟಿವ್ ಕೇಬಲ್ ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ಕೂತಿರುವ ಕಾರುಗಳಿಗೆ. ನಿಮ್ಮದು ತೀರಾ ಹಳೆಯದಾದರೆ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. 1960ರ ದಶಕದ ತನಕ ಬಂದ ಹಲವು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಬಾಡಿಗೆ ಕೂತಿರುತ್ತದೆ. ಕೆಲವು ಹಳೇ ಕಾರುಗಳು 6 ವೋಲ್ಟಿನವು. ಅಂಥವುಗಳಿಗೆ ಹುಡುಕುವ ರೀತಿ ಇದೇ ಆದರೂ ನಂಬರುಗಳು ಬೇರೆ.

ಕೈಯಲ್ಲಿ ಏನಿರಬೇಕು

ವೋಲ್ಟ್, ಆಂಪಿಯರ್, ಓಮ್ (ತಡೆ) ಅಳೆಯುವ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಬಲ್ಬ್ ಇರುವ ಒಂದು ಟೆಸ್ಟ್ ಲ್ಯಾಂಪ್, ಎರಡೂ ತುದಿಗೆ ಕ್ಲಿಪ್ ಇರುವ ಒಂದೆರಡು ಉದ್ದನೆಯ ವೈರು, ಎಮರಿ ಪೇಪರ್, ತಂತಿ ಬ್ರಷ್. ಆ ಮಾಡೆಲ್‌ನ ವೈರಿಂಗ್ ಡಯಾಗ್ರಾಂ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ವೈರಿನ ಬಣ್ಣ, ಅದು ಯಾವ ಫ್ಯೂಸಿನಿಂದ ಬರುತ್ತದೆ, ಎಲ್ಲಿ ಅರ್ಥಿಂಗ್ ಆಗುತ್ತದೆ, ಈ ಮೂರು ಗೊತ್ತಾದರೆ ಸಾಕು.

ಟೆಸ್ಟ್ ಲ್ಯಾಂಪ್ ಯಾಕೆ, ಮೀಟರ್ ಇದೆಯಲ್ವಾ ಅಂತ ಕೇಳಬಹುದು. ಡಿಜಿಟಲ್ ಮೀಟರ್ ಸರ್ಕ್ಯೂಟಿನಿಂದ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರಿನ ಒಳಗೆ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಒಂದೆಳೆ ದಾರಕ್ಕೆ ಖಾಲಿ ಕೊಡ ಕಟ್ಟಿದರೆ ತೂಗಾಡುತ್ತದೆ, ತುಂಬಿದ ಕೊಡ ಕಟ್ಟಿದ ಕ್ಷಣ ಹರಿಯುತ್ತದೆ. ಟೆಸ್ಟ್ ಲ್ಯಾಂಪ್ ಒಂದಿಷ್ಟಾದರೂ ತೂಕ ಹಾಕುತ್ತದೆ. ಮೀಟರ್ 12 ತೋರಿಸುವ ಜಾಗದಲ್ಲಿ ಲ್ಯಾಂಪ್ ಮಂಕಾಗಿ ಉರಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ ಅಂತ ಅರ್ಥ. ಆದರೆ ಇಂಜಿನ್ ಕಂಪ್ಯೂಟರಿನ ವೈರುಗಳಿಗೆ ಬಲ್ಬಿನ ಲ್ಯಾಂಪ್ ಚುಚ್ಚಬೇಡಿ. ಏರ್‌ಬ್ಯಾಗ್ ಇರುವ ಕಾರಾದರೆ ಅದರ ವೈರುಗಳ ಹತ್ತಿರ ಯಾವುದನ್ನೂ ಒಯ್ಯಬೇಡಿ. ಅವುಗಳ ಕನೆಕ್ಟರುಗಳು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುತ್ತವೆ.

ಉಂಗುರ, ಕೈಗಡಿಯಾರ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಕೂತಿರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಅದರಲ್ಲೇ ಹರಿಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಒಂದು ಕಿಡಿ ಸಾಕು.

ಶುರು ಬ್ಯಾಟರಿಯಿಂದಲೇ

ಬ್ಯಾಟರಿ ಸರಿಯಿಲ್ಲದಿದ್ದರೆ ಮುಂದಿನ ಯಾವ ನಂಬರನ್ನೂ ನಂಬಲಾಗದು. ಕಾರು ಕೆಲವು ಗಂಟೆ ಸುಮ್ನೆ ನಿಂತಿರಲಿ. ಈಗಷ್ಟೇ ಓಡಿಸಿ ಬಂದಿದ್ದರೆ ಹೆಡ್‌ಲೈಟ್ ಎರಡು ನಿಮಿಷ ಹಾಕಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಮೇಲಿದ್ದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಬಹುತೇಕ ಖಾಲಿ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ, ಲೆಕ್ಕ ಅಲ್ಲೇ ಸಿಗುತ್ತದೆ.

ಸುಮ್ನೆ ನಿಂತಾಗ 12.6 ತೋರಿಸುವ ಬ್ಯಾಟರಿಯೂ ಕೆಟ್ಟಿರಬಹುದು. ಸೆಲ್ಫ್ ಹೊಡೆಯುವಾಗ ಮೀಟರ್ ನೋಡಿ. ಚಳಿಯಿಲ್ಲದ ಹೊತ್ತಿನಲ್ಲಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿ ದುರ್ಬಲ, ಇಲ್ಲವೇ ಸೆಲ್ಫ್ ಮೋಟಾರ್ ವಿಪರೀತ ಕರೆಂಟ್ ಎಳೆಯುತ್ತಿದೆ. ಒಳ್ಳೆಯದು ಅಂತ ಗೊತ್ತಿರುವ ಇನ್ನೊಂದು ಬ್ಯಾಟರಿ ಹಾಕಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಇಲ್ಲಿ ಒಂದು ಚಿಕ್ಕ ಉಪಾಯ. ಮೀಟರಿನ ಮೊನೆಯನ್ನು ಒಮ್ಮೆ ಬ್ಯಾಟರಿಯ ಸೀಸದ ಗೂಟದ ಮೇಲೇ ಇಟ್ಟು ಅಳೆಯಿರಿ. ಇನ್ನೊಮ್ಮೆ ಅದಕ್ಕೆ ಹಾಕಿರುವ ಕ್ಲ್ಯಾಂಪಿನ ಮೇಲೆ ಇಟ್ಟು ಅಳೆಯಿರಿ. ಎರಡೂ ಸಲ ಸೆಲ್ಫ್ ಹೊಡೆಯುತ್ತಿರಬೇಕು. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಬಂದರೆ ಬ್ಯಾಟರಿಗೆ ಏನೂ ಆಗಿಲ್ಲ, ಕ್ಲ್ಯಾಂಪಿನ ಒಳಗೆ ಬಿಳಿ ಪುಡಿ ಕೂತಿದೆ. ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತೊಳೆದು, ಗೂಟವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಹೊಳೆಯುವ ತನಕ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.

ಕೆಲಸ ನಡೆಯುವಾಗ ಅಳೆಯುವುದು

ಈಗ ಹೇಳಿದ ಉಪಾಯವನ್ನೇ ಇಡೀ ಕಾರಿಗೆ ಹಿಗ್ಗಿಸಿದರೆ ಅದೇ ವೋಲ್ಟೇಜ್ ಡ್ರಾಪ್ ಪರೀಕ್ಷೆ. ಹಳೇ ಕಾರು ಇಟ್ಟುಕೊಂಡವರು ಒಂದೇ ಒಂದು ಪರೀಕ್ಷೆ ಕಲಿಯಬೇಕಾದರೆ ಇದನ್ನು ಕಲಿಯಬೇಕು.

ಮೀಟರನ್ನು ಓಮ್‌ಗೆ ಇಟ್ಟು ಕೇಬಲಿನ ಎರಡು ತುದಿ ಮುಟ್ಟಿಸಿ "ಕಂಟಿನ್ಯೂಟಿ ಇದೆ, ಕೇಬಲ್ ಸರಿಯಿದೆ" ಅನ್ನುವವರು ತುಂಬಾ ಜನ. ಸೆಲ್ಫ್ ಮೋಟಾರಿನ ಕೇಬಲಿಗೆ ಆ ಮಾತು ನಡೆಯುವುದಿಲ್ಲ. ಸೆಲ್ಫ್ 150 ಆಂಪಿಯರ್ ಎಳೆಯುತ್ತಿದೆ ಅಂದುಕೊಳ್ಳಿ. ಜೋಡಣೆಯಲ್ಲಿ ಬರೀ 0.01 ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಸಾಧಾರಣ ಮೀಟರಿಗೆ 0.01 ಓಮ್ ಕಾಣಿಸುವುದೇ ಇಲ್ಲ, ಅದರ ಸ್ವಂತ ವೈರುಗಳ ತಡೆಯೇ ಅದಕ್ಕಿಂತ ಜಾಸ್ತಿ. ಅದೇ ಜಾಗದಲ್ಲಿ, ಕೆಲಸ ನಡೆಯುತ್ತಿರುವಾಗ, ವೋಲ್ಟಿಗೆ ಇಟ್ಟು ಅಳೆದರೆ 1.5 ಅಂತ ನಿಚ್ಚಳವಾಗಿ ಕಾಣುತ್ತದೆ.

ಮಾಡುವುದು ಹೀಗೆ. ಇಂಜಿನ್ ಸ್ಟಾರ್ಟ್ ಆಗದ ಹಾಗೆ ಇಗ್ನಿಷನ್ ಕಾಯಿಲಿಗೆ ಬರುವ ಪಾಸಿಟಿವ್ ಸಣ್ಣ ವೈರ್ ತೆಗೆದು, ತುದಿ ಎಲ್ಲಿಗೂ ತಾಗದಂತೆ ಸುತ್ತಿಡಿ. ಡೀಸೆಲ್ ಆದರೆ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡಿನ (ಕರೆಂಟ್ ಬಂದಾಗ ಎಳೆದುಕೊಳ್ಳುವ ಸುರುಳಿಯ) ವೈರ್ ತೆಗೆಯಿರಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಕೆಂಪು ಮೊನೆ ಬ್ಯಾಟರಿಯ ಪಾಸಿಟಿವ್ ಗೂಟದ ಮೇಲೆ, ಕಪ್ಪು ಮೊನೆ ಸೆಲ್ಫ್ ಮೋಟಾರಿಗೆ ದಪ್ಪ ಕೇಬಲ್ ಬರುವ ಬೋಲ್ಟಿನ ಮೇಲೆ. ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ತೋರಿಸುವ ನಂಬರ್ ಆ ದಾರಿಯಲ್ಲಿ ಸೋರಿದ ವೋಲ್ಟೇಜ್. 0.5ಕ್ಕಿಂತ ಜಾಸ್ತಿ ಇದ್ದರೆ ಆ ಕೇಬಲ್ ಅಥವಾ ಅದರ ತುದಿ ಕೆಟ್ಟಿದೆ.

ಈಗ ವಾಪಸ್ ದಾರಿ. ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆ, ಕೆಂಪು ಮೊನೆ ಸೆಲ್ಫ್ ಮೋಟಾರಿನ ಮೈಮೇಲೆ, ಬಣ್ಣ ಇಲ್ಲದ ಜಾಗದಲ್ಲಿ. ಮತ್ತೆ ಕೀ ತಿರುಗಿಸಿ. ಇಲ್ಲಿ 0.2, ತಪ್ಪಿದರೆ 0.3. ಅದರ ಮೇಲೆ ಹೋದರೆ ಅರ್ಥಿಂಗ್ ನೋಡಲೇಬೇಕು. ಎಲ್ಲಿ ಸೋರುತ್ತಿದೆ ಅಂತ ಹಿಡಿಯಲು ಕೆಂಪು ಮೊನೆಯನ್ನು ಹಿಂದಕ್ಕೆ ತನ್ನಿ: ಸೆಲ್ಫಿನ ಮೈ, ಇಂಜಿನ್ ಬ್ಲಾಕ್, ಇಂಜಿನ್ ಪಟ್ಟಿಯ ಬೋಲ್ಟ್, ಬಾಡಿ, ನೆಗೆಟಿವ್ ಕೇಬಲಿನ ತುದಿ, ಕ್ಲ್ಯಾಂಪ್. ಎಲ್ಲಿ ನಂಬರ್ ದಿಢೀರ್ ಅಂತ ಕುಸಿಯುತ್ತದೋ ಆ ಎರಡು ಜಾಗಗಳ ಮಧ್ಯೆ ಕಳ್ಳ ಇದ್ದಾನೆ.

ಹೆಡ್‌ಲೈಟ್ ಮಂಕಾಗಿದ್ದರೂ ಇದೇ ಪರೀಕ್ಷೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ಇದೆ, ಬಲ್ಬಿನ ಹೋಲ್ಡರಿನಲ್ಲಿ, ಬಲ್ಬ್ ಉರಿಯುತ್ತಿರುವಾಗಲೇ, 12.2 ಮಾತ್ರ ಸಿಗುತ್ತಿದೆ ಅಂದುಕೊಳ್ಳಿ. 1.6 ವೋಲ್ಟ್ ಏನು ಮಹಾ ಅನಿಸುತ್ತದೆ. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಹಳೇ ಕಾರುಗಳಲ್ಲಿ ಹೆಡ್‌ಲೈಟಿನ ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚು, ಡಿಮ್-ಡಿಪ್ ಸ್ವಿಚ್ಚು ಎರಡನ್ನೂ ಹಾದು ಬರುವುದು ಸಾಮಾನ್ಯ. ಜಾಸ್ತಿ ವ್ಯಾಟಿನ ಬಲ್ಬ್ ಹಾಕಿದರೆ ಆ ಸ್ವಿಚ್ಚು ಕರಗುತ್ತದೆ, ಅಷ್ಟೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಹಾಕಿ, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇಟ್ಟು, 2.5 ಚದರ ಮಿಲಿಮೀಟರಿನ ವೈರಿನಲ್ಲಿ ನೇರ ಕರೆಂಟ್ ಕೊಡಿ. ಹಳೇ ಸ್ವಿಚ್ಚು ಬರೀ ರಿಲೇ ಎಬ್ಬಿಸುವ ಕೆಲಸ ಮಾಡಲಿ. 55 ವ್ಯಾಟಿನ ಅದೇ ಹಳೇ ಬಲ್ಬ್ ಹೊಸದರ ಹಾಗೆ ಉರಿಯುತ್ತದೆ.

ಸೆಲ್ಫ್ ಹೊಡೆಯುತ್ತಿಲ್ಲ

ಶಬ್ದ ಕೇಳಿದರೆ ದಾರಿ ಸಿಗುತ್ತದೆ. ಕಟ ಕಟ ಕಟ ಅಂತ ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಲೂಸ್. ಸೆಲ್ಫಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಎಳೆದುಕೊಳ್ಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಸಲ "ಟಕ್" ಅಂದು ಸುಮ್ಮನಾದರೆ ಒಳಗಿನ ಲೈಟ್ ನೋಡಿ. ಲೈಟ್ ಪೂರ್ತಿ ಮಂಕಾದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಅದು ತಿರುಗುತ್ತಿಲ್ಲ ಅಥವಾ ಬ್ಯಾಟರಿಯಲ್ಲಿ ದಮ್ಮಿಲ್ಲ. ಲೈಟ್ ಹಾಗೇ ಉರಿಯುತ್ತಿದ್ದರೆ ಕರೆಂಟ್ ಮೋಟಾರಿಗೆ ತಲುಪಿಲ್ಲ. ಸೊಲೆನಾಯ್ಡಿನ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು.

ಶಬ್ದವೇ ಇಲ್ಲವಾದರೆ ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರಿನ ಹತ್ತಿರ ಟೆಸ್ಟ್ ಲ್ಯಾಂಪ್ ಹಿಡಿದು ಕೀ ತಿರುಗಿಸಿ. ಹಲವು ಕಾರುಗಳಲ್ಲಿ ಆ ಟರ್ಮಿನಲಿಗೆ 50 ಅಂತ ಗುರುತಿರುತ್ತದೆ. ಲ್ಯಾಂಪ್ ಉರಿಯದಿದ್ದರೆ ಇಗ್ನಿಷನ್ ಸ್ವಿಚ್ಚು ಅಥವಾ ದಾರಿಯ ವೈರು. ಆಟೋಮ್ಯಾಟಿಕ್ ಗೇರಿನ ಕಾರಿನಲ್ಲಿ ನ್ಯೂಟ್ರಲ್ ಸ್ವಿಚ್ಚನ್ನೂ ನೋಡಿ. ತಣ್ಣಗಿದ್ದಾಗ ಹೊಡೆದು, ಬಿಸಿಯಾದಾಗ ಹೊಡೆಯದ ಸೆಲ್ಫಿನ ಕಾಟಕ್ಕೆ ಈ ಸಣ್ಣ ವೈರಿನಲ್ಲಿ ಆಗುವ ಡ್ರಾಪ್ ಒಂದು ಸಾಮಾನ್ಯ ಕಾರಣ. ಸೆಲ್ಫ್ ಬಿಚ್ಚಿ ಕೆಳಗಿಳಿಸುವ ಮುಂಚೆ ಇದನ್ನು ಅಳೆದುಬಿಡಿ.

ದೆವ್ವ ಹಿಡಿದ ಲೈಟುಗಳು

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ಲೈಟೂ ಮಿಣುಕುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಸಂಬಂಧವೇ ಇಲ್ಲದ ಎರಡು ವಸ್ತುಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದರೆ ನೇರ ಅರ್ಥಿಂಗ್ ಕಡೆ ಹೋಗಿ. ಬಲ್ಬ್, ಸ್ವಿಚ್ಚು, ಫ್ಲಾಷರ್ ಯಾವುದನ್ನೂ ಮುಟ್ಟಬೇಡಿ.

ಹಿಂದಿನ ಲೈಟಿನಲ್ಲಿ ಆಗುವುದು ಇದು. ಅಲ್ಲಿರುವ ಬಲ್ಬುಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಅರ್ಥಿಂಗ್. ಬ್ರೇಕ್ ಮತ್ತು ಪಾರ್ಕಿಂಗ್‌ಗೆ 21/5 ವ್ಯಾಟಿನ ಎರಡು ಫಿಲಮೆಂಟಿನ ಒಂದೇ ಬಲ್ಬ್ ಇರುತ್ತದೆ. ಅರ್ಥಿಂಗ್ ಕೆಟ್ಟರೆ ಬ್ರೇಕ್ ಫಿಲಮೆಂಟಿಗೆ ಬಂದ ಕರೆಂಟಿಗೆ ವಾಪಸ್ ಹೋಗಲು ದಾರಿಯಿಲ್ಲ. ಅದು 5 ವ್ಯಾಟಿನ ಫಿಲಮೆಂಟಿನ ಮೂಲಕ ಪಾರ್ಕಿಂಗ್ ವೈರಿಗೆ ನುಗ್ಗಿ, ಅಲ್ಲಿಂದ ಬೇರೆ ಪಾರ್ಕಿಂಗ್ ಬಲ್ಬುಗಳನ್ನು ಹಾದು ಅವುಗಳ ಅರ್ಥಿಂಗ್ ಸೇರುತ್ತದೆ. ಹಾದುಹೋದ ದಾರಿಯಲ್ಲೆಲ್ಲ ಬಲ್ಬುಗಳು ಅರೆಬರೆ ಉರಿಯುತ್ತವೆ.

ಖಾತ್ರಿ ಮಾಡಿಕೊಳ್ಳಲು ಒಂದು ನಿಮಿಷ ಸಾಕು. ಉದ್ದನೆಯ ವೈರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಲೈಟ್ ಹೋಲ್ಡರಿನ ಅರ್ಥಿಂಗ್ ಪಟ್ಟಿಗೆ. ಎಲ್ಲ ತಟ್ಟನೆ ಸರಿಯಾದರೆ ರೋಗ ಗೊತ್ತಾಯಿತು. ಆಮೇಲೆ ಆ ಲೈಟಿನ ಅರ್ಥಿಂಗ್ ಬಾಡಿಗೆ ಎಲ್ಲಿ ಕೂತಿದೆ ಹುಡುಕಿ. ಬೋಲ್ಟ್ ಪೂರ್ತಿ ಬಿಚ್ಚಿ, ಬಾಡಿಯ ಬಣ್ಣ ಮತ್ತು ತುಕ್ಕನ್ನು ಬೆಳ್ಳಗೆ ಲೋಹ ಕಾಣುವ ತನಕ ಉಜ್ಜಿ. ರಿಂಗ್ ಟರ್ಮಿನಲಿನ ಎರಡೂ ಮುಖ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ಬಣ್ಣ ಸವರಿ. ಬಾಡಿಗೆ ಹೊಸದಾಗಿ ಪೇಂಟ್ ಆದ ಮೇಲೆ ಲೈಟುಗಳು ಕಾಟ ಕೊಡತೊಡಗಿದರೆ ಬಣ್ಣದ ಮೇಲೇ ಅರ್ಥಿಂಗ್ ಬೋಲ್ಟ್ ಕೂರಿಸಿದ್ದಾರೆ ಅಂತ ಧೈರ್ಯವಾಗಿ ಊಹಿಸಬಹುದು.

ಇಂಜಿನ್ನಿನ ಅರ್ಥಿಂಗ್ ಪಟ್ಟಿ ತುಂಡಾದರೆ ಇನ್ನೂ ವಿಚಿತ್ರ. ಇಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿದೆ, ಬಾಡಿಗೆ ಬೇರೆ ದಾರಿಯಿಲ್ಲ. ಆಗ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಗೇರ್ ರಾಡುಗಳ ಮೂಲಕ ವಾಪಸಾಗುತ್ತದೆ. ಕೇಬಲ್ ಕಾದು ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಆಕ್ಸಿಲರೇಟರ್ ಬಿಗಿಯಾಯಿತು ಅಂತ ಹೊಸ ಕೇಬಲ್ ಹಾಕುತ್ತಾರೆ, ಅದೂ ಕೆಲವೇ ದಿನಕ್ಕೆ ಬಿಗಿಯಾಗುತ್ತದೆ. ಸೆಲ್ಫ್ ಹೊಡೆದ ಮೇಲೆ ಈ ಕೇಬಲುಗಳು ಬೆಚ್ಚಗಾಗಿದ್ದರೆ ಮೊದಲು ಇಂಜಿನ್ ಪಟ್ಟಿ ನೋಡಿ. ಇದು ಹಾಗೇ ಬಿಡುವ ವಿಷಯವಲ್ಲ, ಓಡುವಾಗ ಆಕ್ಸಿಲರೇಟರ್ ಸಿಕ್ಕಿಕೊಳ್ಳಬಹುದು.

ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಸುಳ್ಳು ಹೇಳಿದರೆ ಮೀಟರುಗಳ ಹಿಂದಿರುವ ವೋಲ್ಟೇಜ್ ಸ್ಟೆಬಿಲೈಸರ್ ಮೇಲೆ ಅನುಮಾನ ಪಡಿ. ಹಲವು ಹಳೇ ಕಾರುಗಳಲ್ಲಿ ಅದು ಮೀಟರುಗಳಿಗೆ ಸುಮಾರು 10 ವೋಲ್ಟ್ ಕೊಡುತ್ತದೆ. ಅದರ ಅರ್ಥಿಂಗ್ ಹೋದರೆ ಎರಡೂ ಮುಳ್ಳು ಜಾಸ್ತಿ ತೋರಿಸುತ್ತವೆ. ಒಂದೇ ಮುಳ್ಳು ತಪ್ಪಿದರೆ ಅದಕ್ಕೆ ಅಳತೆ ಕಳಿಸುವ ಸೆಂಡರ್ ಅಥವಾ ವೈರು. ಒಂದು ಬದಿಯ ಇಂಡಿಕೇಟರ್ ಮಾತ್ರ ಬೇಗ ಬೇಗ ಮಿಣುಕಿದರೆ ಆ ಬದಿಯಲ್ಲಿ ಒಂದು ಬಲ್ಬ್ ಉರಿಯುತ್ತಿಲ್ಲ.

ಚಾರ್ಜಿಂಗ್

ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿ ಸ್ವಲ್ಪ ರೇಸ್ ಮಾಡಿದರೂ 13.5ರ ಆಸುಪಾಸಿನಲ್ಲಿ ನಿಲ್ಲಬೇಕು. 15 ದಾಟಿದರೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಒಂದರ ಹಿಂದೆ ಒಂದು ಹೋಗುತ್ತವೆ.

ಕಡಿಮೆ ಇದ್ದರೆ ಮೊದಲು ಬೆಲ್ಟ್ ಸಡಿಲವಾಗಿದೆಯಾ ನೋಡಿ. ಆಮೇಲೆ ಅದೇ ಮೀಟರನ್ನು ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ ಇಡಿ. ಅಲ್ಲಿ 14.4, ಬ್ಯಾಟರಿಯಲ್ಲಿ 13.2 ಅಂದರೆ ಆಲ್ಟರ್ನೇಟರ್ ಚೆನ್ನಾಗಿದೆ, ನಡುವಿನ ವೈರು ತಿನ್ನುತ್ತಿದೆ. ಎರಡೂ ಕಡೆ ಕಡಿಮೆ ಇದ್ದರೆ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಗಮನಿಸಿ. ಕೀ ಆನ್ ಮಾಡಿದಾಗ ಅದು ಉರಿಯಲೇಬೇಕು. ಹಲವು ಆಲ್ಟರ್ನೇಟರುಗಳಿಗೆ ಶುರುವಿನ ಕರೆಂಟ್ ಈ ಬಲ್ಬಿನ ಮೂಲಕವೇ ಸಿಗುತ್ತದೆ. ಆ ಪುಟ್ಟ ಬಲ್ಬ್ ಹೋದರೆ ಆಲ್ಟರ್ನೇಟರ್ ಎಬ್ಬಿಸುವವರಿಲ್ಲದೆ ಸುಮ್ಮನಿರುತ್ತದೆ. ಓಡುವಾಗ ಅದು ಮಂಕಾಗಿ ಉರಿಯುತ್ತಲೇ ಇದ್ದರೆ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಿರಬಹುದು. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿಯ ಮೇಲೆ ಅಳೆಯಿರಿ, 0.5 ದಾಟಿದರೆ ಅನುಮಾನ ನಿಜ.

ಇಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು ನೋಡುವ ಹಳೇ ಪರೀಕ್ಷೆ ಇದೆಯಲ್ಲ, ದಯವಿಟ್ಟು ಬೇಡ. ವೋಲ್ಟೇಜ್ ಒಮ್ಮೆಲೇ ಎಗರಿ ಡಯೋಡ್, ರೆಗ್ಯುಲೇಟರ್, ಸ್ಟೀರಿಯೋ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ನಿಮ್ಮದು ಆಲ್ಟರ್ನೇಟರ್ ಬದಲು ಡೈನಮೋ ಇರುವ ಇನ್ನೂ ಹಳೇ ಕಾರಾದರೆ ಐಡಲ್‌ನಲ್ಲಿ ಕೆಂಪು ಲೈಟ್ ಮಿಣುಕುವುದು ಸಹಜ. ಆ ವೇಗದಲ್ಲಿ ಡೈನಮೋ ಹೆಚ್ಚು ಕೊಡುವುದಿಲ್ಲ.

ನಿಲ್ಲಿಸಿದರೆ ಬ್ಯಾಟರಿ ಖಾಲಿ

ಮೊದಲು ಲೆಕ್ಕ. ಕಂಪ್ಯೂಟರ್ ಇಲ್ಲದ ಕಾರಿನಲ್ಲಿ ಎಲ್ಲ ಆರಿಸಿದ ಮೇಲೆ ಗಡಿಯಾರ, ಸ್ಟೀರಿಯೋದ ನೆನಪು ಇಷ್ಟೇ ಕರೆಂಟ್ ತಿನ್ನಬೇಕು. 20 ರಿಂದ 30 ಮಿಲಿಆಂಪಿಯರ್ ಆಯಿತು. 50 ದಾಟಿದರೆ ಹುಡುಕಬೇಕು. 50 ಆಂಪಿಯರ್-ಅವರ್ ಬ್ಯಾಟರಿಗೆ 30 ಮಿಲಿಆಂಪಿಯರ್ ಸೋರಿಕೆ ಅಂದರೆ ಖಾಲಿಯಾಗಲು ಎರಡು ತಿಂಗಳ ಮೇಲೆ ಬೇಕು. ಡಿಕ್ಕಿಯೊಳಗೆ ಯಾರಿಗೂ ಕಾಣದೆ ಉರಿಯುವ 5 ವ್ಯಾಟಿನ ಬಲ್ಬ್ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಎರಡೂವರೆ ದಿನಕ್ಕೆ ಬ್ಯಾಟರಿ ಅರ್ಧ, ಮಾರನೇ ಬೆಳಗ್ಗೆ ಸೆಲ್ಫ್ ನರಳುತ್ತದೆ.

ಕೀ ತೆಗೆದು, ಬಾಗಿಲು ಮುಚ್ಚಿ, ಬಾನೆಟ್ ಲೈಟ್ ಇದ್ದರೆ ಅದರ ಬಲ್ಬ್ ತೆಗೆದು ಶುರು ಮಾಡಿ. ನೆಗೆಟಿವ್ ಕೇಬಲ್ ಬಿಚ್ಚಿ, ಗೂಟ ಮತ್ತು ಕೇಬಲಿನ ನಡುವೆ ಮೊದಲು ಟೆಸ್ಟ್ ಲ್ಯಾಂಪ್ ಹಾಕಿ. ಅದು ಚೆನ್ನಾಗಿ ಉರಿದರೆ ದೊಡ್ಡ ಸೋರಿಕೆ ಇದೆ, ಲ್ಯಾಂಪ್ ನೋಡಿಕೊಂಡೇ ಹುಡುಕಬಹುದು. ಉರಿಯದಿದ್ದರೆ ಅಥವಾ ತೀರಾ ಮಂಕಾಗಿದ್ದರೆ ಮೀಟರನ್ನು 10 ಆಂಪಿಯರ್ ತೂತಿಗೆ ಬದಲಿಸಿ ಅದೇ ಜಾಗದಲ್ಲಿ ಸೇರಿಸಿ. ಮೀಟರ್ ಹೀಗೆ ಸೇರಿರುವಾಗ ಸೆಲ್ಫ್ ಹೊಡೆಯಬೇಡಿ, ಕೀಯನ್ನೂ ಆನ್ ಮಾಡಬೇಡಿ. ಒಳಗಿನ ಫ್ಯೂಸ್ ಹೋಗುತ್ತದೆ.

ಈಗ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ, ನಂಬರ್ ಬೀಳದಿದ್ದರೆ ಅದೇ ಜಾಗಕ್ಕೆ ವಾಪಸ್ ಹಾಕಿ. ನಂಬರ್ ಬಿದ್ದ ಫ್ಯೂಸಿನ ಸರ್ಕ್ಯೂಟಿನಲ್ಲಿ ಏನೇನಿದೆ ಅಂತ ಡಯಾಗ್ರಾಂ ಹೇಳುತ್ತದೆ. ಡಿಕ್ಕಿ ಲೈಟು, ಗ್ಲವ್ ಬಾಕ್ಸ್ ಲೈಟು, ಬಾಗಿಲ ಸ್ವಿಚ್ಚು, ಹೊರಗಿನಿಂದ ಹಾಕಿಸಿದ ಅಲಾರಂ ಮತ್ತು ಸೆಂಟ್ರಲ್ ಲಾಕ್, ಇದೇ ಕ್ರಮದಲ್ಲಿ ನೋಡಿ. ಎಲ್ಲ ಫ್ಯೂಸ್ ತೆಗೆದರೂ ನಂಬರ್ ಹಾಗೇ ನಿಂತರೆ ಫ್ಯೂಸ್ ಇಲ್ಲದ ದಾರಿಗಳು ಉಳಿದವು. ಅಲ್ಲಿ ಮೊದಲ ಅನುಮಾನ ಆಲ್ಟರ್ನೇಟರ್. ರಾತ್ರಿಯಿಡೀ ನಿಂತ ಕಾರಿನ ಆಲ್ಟರ್ನೇಟರ್ ಬೆಳಗ್ಗೆ ಮುಟ್ಟಿದರೆ ಬೆಚ್ಚಗಿದ್ದರೆ ಡಯೋಡ್ ಮೂಲಕ ಕರೆಂಟ್ ವಾಪಸ್ ಹರಿಯುತ್ತಿದೆ. ಬ್ಯಾಟರಿ ಪೂರ್ತಿ ಬಿಚ್ಚಿಟ್ಟು ಆಲ್ಟರ್ನೇಟರಿನ ದಪ್ಪ ವೈರ್ ತೆಗೆಯಿರಿ. ತುದಿಗೆ ಟೇಪ್ ಸುತ್ತಿ, ಬ್ಯಾಟರಿಯನ್ನೂ ಮೀಟರನ್ನೂ ಮೊದಲಿನ ಹಾಗೆ ಸೇರಿಸಿ ಮತ್ತೆ ಅಳೆಯಿರಿ.

ಫ್ಯೂಸ್ ಪದೇ ಪದೇ ಹೋಗುತ್ತಿದೆ

10 ಆಂಪಿಯರ್ ಹೋಯಿತು ಅಂತ 20 ಹಾಕುವುದು, ಸಿಗರೇಟ್ ಪ್ಯಾಕಿನ ಹಾಳೆ ಸುತ್ತಿ ಹಾಕುವುದು, ಎರಡೂ ಬೆಂಕಿಗೆ ದಾರಿ. ಆಗ ಫ್ಯೂಸ್ ಉಳಿಯುತ್ತದೆ, ವೈರು ಉರಿಯುತ್ತದೆ.

ಹೊಸ ಫ್ಯೂಸುಗಳನ್ನು ಸುಟ್ಟುಕೊಂಡು ಹುಡುಕಬೇಕಾಗಿಲ್ಲ. ಫ್ಯೂಸಿನ ಎರಡು ಕಾಲಿನ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದನ್ನು ವೈರ್ ಕಟ್ಟಿ ಸೇರಿಸಿ. ಶಾರ್ಟ್ ಇರುವ ತನಕ ಬಲ್ಬ್ ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ಕರೆಂಟು 2 ಆಂಪಿಯರ್ ದಾಟುವುದಿಲ್ಲ. ನಿಧಾನಕ್ಕೆ ಆ ಸರ್ಕ್ಯೂಟಿನ ಕನೆಕ್ಟರುಗಳನ್ನು ದೂರದ ತುದಿಯಿಂದ ಬಿಚ್ಚುತ್ತಾ ಬನ್ನಿ, ವೈರಿನ ಕಟ್ಟನ್ನು ಅಲ್ಲಾಡಿಸಿ. ಬಲ್ಬ್ ಆರಿದರೆ ಅಥವಾ ಮಂಕಾದರೆ ಆಗಷ್ಟೇ ನೀವು ಮುಟ್ಟಿದ ಜಾಗದಲ್ಲಿ ಶಾರ್ಟ್ ಇದೆ. ಒಬ್ಬರೇ ಇದ್ದರೂ ಈ ಕೆಲಸ ಆಗುತ್ತದೆ, ಬಲ್ಬಿನ ಬೆಳಕು ದೂರಕ್ಕೂ ಕಾಣುತ್ತದಲ್ಲ. ವೈರು ಲೋಹದ ಅಂಚು ದಾಟುವ ಕಡೆ ರಬ್ಬರ್ ಬುಷ್ ಕಳಚಿರುತ್ತದೆ, ಅಲ್ಲಿ ಮೊದಲು ನೋಡಿ. ಸೀಟಿನ ಕೆಳಗೆ, ಡಿಕ್ಕಿಯ ಕೀಲಿನ ಹತ್ತಿರ, ಸೈಲೆನ್ಸರ್ ಪೈಪಿನ ಪಕ್ಕವೂ ನೋಡಿ.

ಫ್ಯೂಸ್ ಹೋಗಿಲ್ಲ, ಕರೆಂಟ್ ಮಾತ್ರ ಬರುತ್ತಿಲ್ಲ ಅನ್ನುವುದೂ ಇದೆ. ಎರಡು ಮೊನೆಯ ಹಳೇ ಪಿಂಗಾಣಿ ಫ್ಯೂಸುಗಳಲ್ಲಿ ಇದು ಜಾಸ್ತಿ. ಹಿಡಿದಿರುವ ತಗಡಿನ ಬಿಗಿ ಹೋಗಿ, ಕಿಲುಬು ಕೂತು, ಕಾಂಟ್ಯಾಕ್ಟ್ ತಪ್ಪುತ್ತದೆ. ಫ್ಯೂಸಿನ ಎರಡೂ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ, ಒಂದು ಕಡೆ ಮಾತ್ರ ಉರಿದರೆ ಗೊತ್ತಾಗುತ್ತದೆ. ಫ್ಯೂಸ್ ಬಾಕ್ಸಿನ ಪ್ಲಾಸ್ಟಿಕ್ ಎಲ್ಲಾದರೂ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಕಾಂಟ್ಯಾಕ್ಟ್ ಲೂಸಾಗಿ ಕಾಯುತ್ತಿದೆ.

ಬಂದು ಹೋಗುವ ತೊಂದರೆ

ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಮಾಯ, ಮನೆ ದಾರಿಯಲ್ಲಿ ಮತ್ತೆ ಹಾಜರ್. ಇಂಥದ್ದಕ್ಕೆ ಮೊದಲು ಬರೆದಿಡುವ ಅಭ್ಯಾಸ ಬೇಕು: ಮಳೆಯಲ್ಲಾ, ಹಳ್ಳಕ್ಕೆ ಇಳಿದಾಗಲಾ, ಇಂಜಿನ್ ಬಿಸಿಯಾದ ಮೇಲಾ, ಬಾಗಿಲು ತೆಗೆದಾಗಲಾ? ಬಾಗಿಲು ತೆಗೆದಾಗ ಅಂದರೆ ಬಾಗಿಲಿನ ರಬ್ಬರ್ ಕೊಳವೆಯೊಳಗಿನ ವೈರು. ಅದು ಸಾವಿರಾರು ಸಲ ಮಡಚಿ ಒಳಗೆ ತಾಮ್ರ ತುಂಡಾಗಿರುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಗಟ್ಟಿ. ವೈರನ್ನು ಮೆಲ್ಲಗೆ ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ಇಲ್ಲ.

ಕೀ ಅಲ್ಲಾಡಿಸಿದರೆ ಇಂಜಿನ್ ತಡವರಿಸುತ್ತದೆ ಅಂದರೆ ಇಗ್ನಿಷನ್ ಸ್ವಿಚ್ಚು ಸವೆದಿದೆ. ಭಾರವಾದ ಕೀ ಗೊಂಚಲು ನೇತಾಡಿಸುವವರ ಕಾರಿನಲ್ಲಿ ಇದು ಬೇಗ ಬರುತ್ತದೆ. ರಿಲೇ ಮೇಲೆ ಅನುಮಾನ ಬಂದರೆ ಅದೇ ಥರದ ಇನ್ನೊಂದರ ಜೊತೆ ಅದಲು ಬದಲು ಮಾಡಿ. ಟಕ್ ಅಂತ ಶಬ್ದ ಬಂತು ಅಂದಮಾತ್ರಕ್ಕೆ ರಿಲೇ ಸರಿಯಿದೆ ಅಂತಲ್ಲ. ರಿಲೇಯ ಕಾಲುಗಳಿಗೆ ನಂಬರ್ ಇರುತ್ತದೆ, ಶಬ್ದ 85, 86ರ ನಡುವಿನ ಸುರುಳಿಯದು. ಕರೆಂಟ್ ಹೋಗುವುದು 30, 87ರ ನಡುವೆ. ಲೋಡ್ ಇರುವಾಗ ಆ ಎರಡರ ನಡುವೆ 0.2 ವೋಲ್ಟಿಗಿಂತ ಜಾಸ್ತಿ ಕಂಡರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ.

ಓಡುವಾಗ ಮಾತ್ರ ಬರುವ ತೊಂದರೆಗೆ ನನಗೆ ಇಷ್ಟದ ದಾರಿ ಎರಡು ಚಿಕ್ಕ ಬಲ್ಬುಗಳದು. ಇಂಜಿನ್ ತಟ್ಟನೆ ಆಫ್ ಆಗುತ್ತದೆ ಅಂದುಕೊಳ್ಳಿ. ಒಂದು ಬಲ್ಬನ್ನು ಇಗ್ನಿಷನ್ ಸ್ವಿಚ್ಚಿನಿಂದ ಹೊರಬರುವ ವೈರಿಗೆ, ಇನ್ನೊಂದನ್ನು ಕಾಯಿಲಿನ ಪಾಸಿಟಿವ್ ಕಡೆಗೆ, ಎರಡಕ್ಕೂ 1 ಆಂಪಿಯರ್ ಫ್ಯೂಸ್ ಇಟ್ಟು ಸೇರಿಸಿ. ಬಲ್ಬುಗಳ ಇನ್ನೊಂದು ವೈರ್ ಬಾಡಿಗೆ. ಎರಡನ್ನೂ ಪಕ್ಕದ ಸೀಟಿನವರಿಗೆ ಕಾಣುವ ಹಾಗೆ ಅಂಟಿಸಿ. ಇಂಜಿನ್ ನಿಂತಾಗ ಎರಡೂ ಆರಿದರೆ ಸ್ವಿಚ್ಚು ಅಥವಾ ಅದರ ಹಿಂದಿನದು. ಎರಡನೆಯದು ಮಾತ್ರ ಆರಿದರೆ ನಡುವಿನ ವೈರು, ಕನೆಕ್ಟರು. ಎರಡೂ ಉರಿಯುತ್ತಿದ್ದರೆ ಕಾಯಿಲಿಗೆ ಕರೆಂಟ್ ಬರುತ್ತಿದೆ, ತೊಂದರೆ ಕಾಯಿಲ್, ಇಗ್ನಿಷನ್ ಮಾಡ್ಯೂಲ್ ಅಥವಾ ಪೆಟ್ರೋಲ್ ಕಡೆ ಇದೆ.

ಜಾಯಿಂಟ್ ಹಾಕುವಾಗ

ತೊಂದರೆ ಸಿಕ್ಕಿದ ಮೇಲೆ ವೈರು ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅಲ್ಲೇ ಬರಬೇಕಾಗುತ್ತದೆ. ಕತ್ತರಿಸಿದ ತುದಿಯ ತಾಮ್ರ ಕಪ್ಪಗೆ ಅಥವಾ ಹಸಿರಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಇನ್ನಷ್ಟು ಹಿಂದಕ್ಕೆ ಕತ್ತರಿಸಿ. ಕಿಲುಬು ಪ್ಲಾಸ್ಟಿಕ್ಕಿನ ಕೆಳಗೆ ಒಳಗೊಳಗೇ ಹರಡಿರುತ್ತದೆ. ಅಷ್ಟೇ ದಪ್ಪದ ಹೊಸ ವೈರ್ ತುಂಡನ್ನು ಸರಿಯಾದ ಕ್ರಿಂಪಿಂಗ್ ಪ್ಲಯರ್‌ನಿಂದ ಒತ್ತಿ ಸೇರಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಕಾಯಿಸಿ. ಬೆಸುಗೆ ಹಾಕಬಾರದು ಅಂತಿಲ್ಲ. ಆದರೆ ಬೆಸುಗೆ ಮುಗಿಯುವ ಕಡೆ ವೈರು ಗಡುಸಾಗಿ, ನಡುಗುವ ಜಾಗದಲ್ಲಿ ಅಲ್ಲೇ ಮುರಿಯುತ್ತದೆ. ಬೆಸುಗೆ ಹಾಕಿದರೆ ಎರಡೂ ಬದಿ ಅಲ್ಲಾಡದ ಹಾಗೆ ಕಟ್ಟಿ. ವೈರಿನ ಬಣ್ಣ ಡಯಾಗ್ರಾಂನಲ್ಲಿ ಇರುವುದೇ ಆಗಿರಲಿ. ಸಿಗದಿದ್ದರೆ ಎರಡೂ ತುದಿಗೆ ಚೀಟಿ ಅಂಟಿಸಿ, ಡಯಾಗ್ರಾಂ ಮೇಲೂ ಗುರುತು ಹಾಕಿಡಿ.

ಎಲ್ಲ ಮುಗಿಸಿ ಬ್ಯಾಟರಿ ಹಾಕಿದ ಮೇಲೆ ಶುರುವಿನಲ್ಲಿ ಅಳೆದ ಜಾಗದಲ್ಲೇ, ಅದೇ ಲೋಡ್ ಹಾಕಿ, ಇನ್ನೊಮ್ಮೆ ಅಳೆಯಿರಿ. 1.5 ಇದ್ದದ್ದು 0.1ಕ್ಕೆ ಇಳಿದಿದ್ದರೆ ಬಾನೆಟ್ ಮುಚ್ಚಬಹುದು. 0.8ಕ್ಕೆ ಇಳಿದಿದ್ದರೆ ಇನ್ನೊಂದು ಕೆಟ್ಟ ಜಾಯಿಂಟ್ ಅದೇ ದಾರಿಯಲ್ಲಿದೆ.